ಏಳು ಹೆಜ್ಜೆ ನಡೆದ ಕಟ್ಟಡ

ಡ್ರೋನು ನಮ್ಮ ತಲೆಯ ಮೇಲೆ ಮೊದಲ ಸಲ ಬಂದಾಗ ಇಪ್ಪತ್ತೆರಡು ಮಂದಿಯ ಕೈ ಊಟದ ಎಲೆಯಲ್ಲಿತ್ತು.

ಅಂದು ಸೋಮವಾರ, ಬೆಳಗಿನ ಹತ್ತು ಗಂಟೆ. ಕುಮಾಸಿಯಿಂದ ಎಜಿಸು ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ಲೊಂದು ಏಳುತ್ತಿತ್ತು. ಎರಡು ಅಂತಸ್ತು ಮುಗಿದಿತ್ತು, ಇನ್ನೆರಡು ಬಾಕಿ. ಆ ಸೈಟಿನ ಹಿಂದಿನ ಮೂಲೆಯಲ್ಲಿ ನನ್ನ ಕೊಡೆ. ಹಳದಿ ನೀಲಿ ಪಟ್ಟೆಯ, ಕೆಳಗೆ ಒಂದು ಸಂಸಾರ ಮಲಗಬಹುದಾದಷ್ಟು ದೊಡ್ಡ ಕೊಡೆ. ಲಾರಿಯ ಹಳೇ ಚಕ್ರದೊಳಗೆ ಕಾಂಕ್ರೀಟ್ ಸುರಿದು ಅದರ ಕೋಲನ್ನು ನಿಲ್ಲಿಸಿಕೊಟ್ಟವರು ಸೈಟಿನ ಮೇಸ್ತ್ರಿ ನಿಮಾಕೊ. ವಯಸ್ಸಿಗೆ ಮರ್ಯಾದೆ ಕೊಟ್ಟು ನಾವೆಲ್ಲ ಅವರನ್ನು ವೋಫಾ, ಅಂದರೆ ಸೋದರಮಾವ, ಎನ್ನುತ್ತೇವೆ.

ಕೊಡೆಯ ಕೆಳಗೆ ನಾನು ಮತ್ತು ನನ್ನ ಎರಡು ಹಂಡೆ ವಾಚೆ. ಅಕ್ಕಿ ಅಲಸಂದೆಗಳನ್ನು ಜೋಳದ ಗರಿಯ ಜೊತೆ ಕೆಂಪಗೆ ಬೇಯಿಸಿ, ಮೇಲೆ ಮೊಟ್ಟೆ, ಗಾರಿ ಎಂಬ ಮರಗೆಣಸಿನ ತರಿ, ಕರೀ ಖಾರದ ಶಿಟೊ ಇಟ್ಟು ಎಲೆಯಲ್ಲಿ ಕೊಡುತ್ತೇನೆ. ನನ್ನ ಹೆಸರು ಸಹಾದತು. ಆದರೆ ವಾಚೆ ಮಾರುವ ಹೆಂಗಸರನ್ನೆಲ್ಲ ಜನ ಹಾಜಿಯಾ ಎಂದೇ ಕರೆಯುವುದು. ಮೆಕ್ಕಾ ಹಾಗಿರಲಿ, ಟಮಾಲೆಯಿಂದ ಕುಮಾಸಿಗೆ ಬಂದದ್ದೇ ನನ್ನ ಜನ್ಮದ ಅತಿ ದೂರದ ಯಾತ್ರೆ. ಆದರೂ ಹಾಜಿಯಾ ಎಂದರೆ ಓಗೊಡುತ್ತೇನೆ. ಪುಕ್ಕಟೆ ಬಂದ ಪುಣ್ಯವನ್ನು ಬೇಡವೆನ್ನಲು ನಾನು ಯಾರು?

ಡ್ರೋನು ಕಟ್ಟಡವನ್ನು ಒಂದು ಸುತ್ತು ಹಾಕಿ ನಮ್ಮ ಮೇಲೆ ಬಂದು ಗುಂಯ್ಗುಟ್ಟುತ್ತ ನಿಂತಿತು. ಹೊಟ್ಟೆಯ ಕೆಳಗಿನ ಗಾಜಿನ ಕಣ್ಣು ನೇರ ನಮ್ಮ ಎಲೆಗಳ ಮೇಲೆ. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಊಟ ಮಾಡುವಾಗ ಯಾರಾದರೂ ನೋಡಿದರೆ ಅವರನ್ನು ಕರೆಯಲೇಬೇಕು. ಕರೆಸಿಕೊಂಡವರು ಬಂದು ಕೂರಬೇಕು, ಇಲ್ಲವೇ "ನನ್ನ ಕೈ ಅದರಲ್ಲೇ ಇದೆ" ಎಂದು ಹೇಳಿ ಮುಂದೆ ಹೋಗಬೇಕು. ಇಷ್ಟೂ ಮಾಡದವರನ್ನು ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ ಎನ್ನುತ್ತಾರೆ.

ವೋಫಾ ನಿಮಾಕೊ ಗಂಟಲು ಸರಿಮಾಡಿಕೊಂಡು ಬಲಗೈ ಮೇಲೆತ್ತಿದರು.

"ಬಾರಪ್ಪ, ಊಟ ಮಾಡೋಣ."

ಕಂಬಿ ಕಟ್ಟುವ ತವಿಯಾನ ನಾಲಿಗೆಗೆ ಬೀಗವಿಲ್ಲ. "ವೋಫಾ, ಅದಕ್ಕೆ ಬಾಯಿಲ್ಲ," ಎಂದ.

"ಬಾಯಿಲ್ದಿದ್ರೆ ಏನು, ಕಣ್ಣಿದೆಯಲ್ಲ. ನೋಡೋರನ್ನ ಕರೀದೆ ತಿಂದ್ರೆ ನಂಗೆ ಅರಗಲ್ಲ."

"ಹಾಜಿಯಾ, ನಾಲ್ಕು ರೆಕ್ಕೆ ಇದಾವೆ ನೋಡಿ ಇದಕ್ಕೆ. ಕೋಳಿಗೆ ಎರಡೇ. ಇದನ್ನ ಸಾಕ್ಕೊಂಡ್ರೆ ನಿಮಗೇ ಲಾಭ," ಎಂದ ತವಿಯಾ.

ನಗುತ್ತ ನಗುತ್ತ ಎಲ್ಲರೂ ಕೈ ಎತ್ತಿ ಡ್ರೋನನ್ನು ಊಟಕ್ಕೆ ಕರೆದರು. ಅಂದಿನಿಂದ ಅದು ರೂಢಿಯಾಯಿತು. ವಾರಕ್ಕೆ ಮೂರು ಸಲ, ಸರಿಯಾಗಿ ಹತ್ತಕ್ಕೆ ಅದು ಬರುವುದು, ಇಪ್ಪತ್ತೆರಡು ಬಲಗೈ ಮೇಲೇಳುವುದು.

ಅದನ್ನು ಹಾರಿಸುವವಳು ಎನ್ಯೊನಾಮ್. ಹೋ ಎಂಬ ಊರಿನ ಕಡೆಯವಳು, ಮೂವತ್ತರ ಆಸುಪಾಸು. ಗೇಟಿನ ಹತ್ತಿರ ಸಿಮೆಂಟ್ ಚೀಲದ ಮೇಲೆ ಕೂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಕೈಯಲ್ಲಿನ ಪರದೆ ನೋಡುವಳು. ಅವಳನ್ನೂ ಊಟಕ್ಕೆ ಕರೆಯುತ್ತಿದ್ದೆವು. ಪರದೆಯಿಂದ ಕಣ್ಣು ತೆಗೆಯದೆ ತಲೆ ಅಲ್ಲಾಡಿಸುವಳು, ಅಷ್ಟೇ. ಬ್ಯಾಟರಿ ಇಪ್ಪತ್ತೈದೇ ನಿಮಿಷ ಬರುತ್ತದಂತೆ. ಆದರೆ ಬಂದ ಕೂಡಲೇ ನನ್ನ ಹತ್ತಿರ ಬಂದು ತಪ್ಪದೆ ಒಂದು ಮಾತು ಕೇಳುವಳು:

"ಹಾಜಿಯಾ, ಕೊಡೆ ಅಲ್ಲೇ ಇದೆ ತಾನೇ?"

"ಇಲ್ಲೇ ಇದೆಯಮ್ಮ. ನೀನು ಚೆನ್ನಾಗಿದೀಯಾ?" ಎನ್ನುತ್ತಿದ್ದೆ. ಒಂದೊಂದು ಊರಿನವರು ಒಂದೊಂದು ರೀತಿ ಕುಶಲ ಕೇಳುತ್ತಾರೆ. ಇವರ ಕಡೆ ಕೊಡೆಯ ಯೋಗಕ್ಷೇಮ ವಿಚಾರಿಸುತ್ತಾರೆ ಅಂದುಕೊಂಡಿದ್ದೆ.

ಮೊದಲ ದಿನ ಅವಳು ಸೈಟಿನ ಮೂರು ಕಡೆ ಕಪ್ಪು ಬಿಳಿ ಚೌಕ ಬಳಿದ ಮೂರು ಹಲಗೆ ಇಟ್ಟು, "ಇವನ್ನ ಯಾರೂ ಮುಟ್ಟಬೇಡಿ," ಎಂದು ಹೇಳಿದ್ದಳು. ಎಲ್ಲರೂ ಆಗಲಿ ಎಂದಿದ್ದರು. ಆಮೇಲೆ ಆ ಮಾತು ಯಾರಿಗೂ ನೆನಪಿರಲಿಲ್ಲ. ಕಟ್ಟಡ ಕಟ್ಟುವ ಜಾಗದಲ್ಲಿ ಒಳ್ಳೆಯ ಹಲಗೆಯೊಂದು ಹೆಚ್ಚು ದಿನ ಸುಮ್ಮನೆ ಮಲಗಿರುವುದಿಲ್ಲ.

ಮೂರನೇ ವಾರದ ಮೊದಲ ದಿನ ಆಕ್ರಾದ ಕಚೇರಿಯಿಂದ ಅಪ್ಪಣೆ ಬಂತು. ಕಳಿಸಿದವರು ಇಂಜಿನಿಯರ್ ಕ್ವಾರ್ಟೇ. ಡ್ರೋನಿನ ಚಿತ್ರಗಳೆಲ್ಲ ಅವರಿಗೆ ಹೋಗುತ್ತಿದ್ದವು. ಎನ್ಯೊನಾಮ್ ತನ್ನ ಫೋನನ್ನು ದೂರ ಹಿಡಿದು, ಬೇರೆ ಯಾರದೋ ಜಗಳ ಓದುವವಳಂತೆ ಓದಿದಳು. ಯಾವ ಚಿತ್ರದಲ್ಲೂ ಒಬ್ಬನೂ ಕಟ್ಟಡದ ಮೇಲಿಲ್ಲ. ಎಲ್ಲರೂ ಆ ಹಳದಿ ಕೊಡೆಯ ಸುತ್ತ. ಸಾಲದ್ದಕ್ಕೆ ಕೈ ಎತ್ತಿ ಘೋಷಣೆ ಕೂಗುತ್ತಿದ್ದಾರೆ. ಮುಷ್ಕರದ ಕುರುಹು ಕಾಣುತ್ತಿದೆ. ಗುಂಪು ಸೇರಲು ಕಾರಣವಾದ ಕೊಡೆಯನ್ನು ಮುಂದಿನ ಸೋಮವಾರದೊಳಗೆ ಅಲ್ಲಿಂದ ತೆಗೆಯತಕ್ಕದ್ದು.

"ಹತ್ತು ಗಂಟೆ ನಮ್ಮ ಊಟದ ಹೊತ್ತು ಅಂತ ಅವರಿಗೆ ಹೇಳಮ್ಮ," ಎಂದರು ವೋಫಾ.

"ಹೇಳ್ದೆ. ದಿನಾ ಊಟಾನಾ ಅಂತ ಕೇಳಿದ್ರು."

"ಅವರು ದಿನ ಬಿಟ್ಟು ದಿನ ಉಣ್ತಾರಾ?" ಎಂದ ತವಿಯಾ.

ಎಲ್ಲರೂ ನಕ್ಕರು, ನಾನು ನಗಲಿಲ್ಲ. ಎರಡು ಹಂಡೆ ಒಂದೇ ಗಂಟೆಯಲ್ಲಿ ಖಾಲಿಯಾಗುವ ಜಾಗ ಆ ರಸ್ತೆಯುದ್ದಕ್ಕೂ ಇನ್ನೊಂದಿಲ್ಲ. ಗೇಟಿನಾಚೆ ಬಾಂಕು ಎಂಬ ಹುಳಿಹಿಟ್ಟಿನ ಮುದ್ದೆ ಮಾರುವ ಇಬ್ಬರು ನೆರಳಿರುವ ಜಾಗವನ್ನೆಲ್ಲ ಹಿಡಿದಿದ್ದಾರೆ. ಈ ಮೂಲೆ ಹೋದರೆ ಹಂಡೆಯನ್ನು ತಲೆಯ ಮೇಲೆ ಹೊತ್ತು ಬಸ್ ನಿಲ್ದಾಣದಲ್ಲಿ ತಿರುಗಬೇಕು. ಹಾಗೆ ಹನ್ನೊಂದು ವರ್ಷ ತಿರುಗಿದ್ದೇನೆ. ತಲೆ ಈಗಲೂ ಒಪ್ಪೀತು, ಮಂಡಿ ಒಪ್ಪುವುದಿಲ್ಲ.

ಎನ್ಯೊನಾಮ್‌ಳನ್ನು ಪಕ್ಕಕ್ಕೆ ಕರೆದೆ. "ಅದನ್ನ ಹನ್ನೊಂದಕ್ಕೆ ಹಾರಿಸಿದ್ರೆ ಆಗಲ್ವೇನಮ್ಮ?"

"ಮೊದಲನೇ ದಿನ ಹತ್ತಕ್ಕೆ ಹಾರಿಸಿದೀನಿ ಹಾಜಿಯಾ. ದಿನಾ ಅದೇ ಹೊತ್ತಿಗೆ ಹಾರಿಸ್ಬೇಕು. ನೆರಳು ಒಂದೇ ಥರ ಬಿದ್ರೆ ತಾನೇ ಹಳೇ ಚಿತ್ರಕ್ಕೂ ಹೊಸ ಚಿತ್ರಕ್ಕೂ ಹೋಲಿಸೋಕೆ ಆಗೋದು."

"ಅಂದ್ರೆ ಮೊದಲನೇ ದಿನ ಏನು ಮಾಡಿದ್ವೋ ಸಾಯೋವರೆಗೂ ಅದೇ. ನನ್ನ ಮದುವೆ ಥರ."

ಅವಳಿಗೆ ನಗು ಬಂತು. ಆದರೂ ಹೊತ್ತು ಬದಲಾಗಲಿಲ್ಲ.

ಊಟದ ಹೊತ್ತನ್ನಾದರೂ ಬದಲಿಸೋಣವೆಂದರೆ ವೋಫಾ ಒಪ್ಪಲಿಲ್ಲ. ಆರೂವರೆಗೆ ಕಾಂಕ್ರೀಟ್ ಕಲಸಲು ನಿಂತ ಹೊಟ್ಟೆ ಹತ್ತಕ್ಕಿಂತ ಒಂದು ನಿಮಿಷ ಹೆಚ್ಚು ಕಾಯುವುದಿಲ್ಲ ಎಂದರು. ಬದಲಿಗೆ ಅವರೇ ಒಂದು ಉಪಾಯ ಹೂಡಿದರು. ಡ್ರೋನು ಬರುವಾಗ ತವಿಯಾ ಮೇಲಿನ ತಾರಸಿಯ ಮೇಲೆ ತಳ್ಳುಗಾಡಿ ಹಿಡಿದು, ಒಂದು ಕಾಲು ಮುಂದಿಟ್ಟು, ದುಡಿಯುವವನಂತೆ ನಿಲ್ಲಬೇಕು. ಅವನ ಪಾಲಿನ ಎಲೆಗೆ ಒಂದು ಮೊಟ್ಟೆ ಹೆಚ್ಚು. ತವಿಯಾ ಎರಡು ದಿನ ನಿಂತ. ಎರಡನೇ ದಿನವೇ ಆಕ್ರಾದಿಂದ ಪ್ರಶ್ನೆ ಬಂತು: ಎರಡು ದಿನದ ಚಿತ್ರಗಳಲ್ಲೂ ಅದೇ ಮನುಷ್ಯ, ಅದೇ ಗಾಡಿ, ಅದೇ ಕಾಲು. ಆತನ ಆರೋಗ್ಯ ಹೇಗಿದೆ?

"ನಟನೆ ಚೆನ್ನಾಗಿತ್ತು ಅಂತ ಹೇಳಿಲ್ವಾ?" ಎಂದು ತವಿಯಾ ಕೇಳಿದ.

"ಕಲ್ಲು ಕೂಡ ನಿನಗಿಂತ ಹೆಚ್ಚು ಅಲುಗುತ್ತೆ ಕಣೋ," ಎಂದರು ವೋಫಾ. ಹೆಚ್ಚಿನ ಮೊಟ್ಟೆ ಅಲ್ಲಿಗೆ ನಿಂತಿತು.

ಇನ್ನು ನಾನೇ ಏನಾದರೂ ಮಾಡಬೇಕಿತ್ತು. ಅಪ್ಪಣೆಯನ್ನು ಎನ್ಯೊನಾಮ್‌ಳಿಂದ ಇನ್ನೊಮ್ಮೆ ಓದಿಸಿದೆ. ಕೊಡೆಯನ್ನು ಅಲ್ಲಿಂದ ತೆಗೆಯಬೇಕು ಎಂದಿತ್ತೇ ಹೊರತು ಎಲ್ಲಿಗೆ ಒಯ್ಯಬೇಕು ಎಂದಿರಲಿಲ್ಲ. ಶನಿವಾರ ಕೆಲಸ ಮುಗಿದ ಮೇಲೆ ನಾಲ್ಕು ಜನರಿಂದ ಹಾರೆ ಹಾಕಿಸಿ ಚಕ್ರವನ್ನು ಉರುಳಿಸಿಕೊಂಡು ಏಳು ಹೆಜ್ಜೆ ಹಿಂದಕ್ಕೆ ಒಯ್ದೆ. ಈಗ ಕೊಡೆ ಹಿಂದಿನ ಗೋಡೆಗೆ ತಾಗಿ ನಿಂತಿತು. ಮೇಲಿನಿಂದ ನೋಡಿದವರು ಅದನ್ನು ಪಕ್ಕದವರ ಅಂಗಳದ ಕೊಡೆ ಅಂದುಕೊಳ್ಳಬೇಕು. ಅಪ್ಪಣೆಯನ್ನೂ ಪಾಲಿಸಿದಂತಾಯಿತು, ಜಾಗವೂ ಉಳಿಯಿತು.

ಸೋಮವಾರ ಎನ್ಯೊನಾಮ್ ಬಂದಾಗ ಜಲ್ಲಿಯ ಲಾರಿಯೊಂದು ಗೇಟಿಗೆ ಅಡ್ಡಲಾಗಿ ಕೆಟ್ಟು ನಿಂತಿತ್ತು. ಅವಳು ರಸ್ತೆಯ ಬದಿಯಿಂದಲೇ ಡ್ರೋನು ಹಾರಿಸಿ ಹೊರಟುಹೋದಳು. ಅಂದು ಕೊಡೆಯ ಕುಶಲವನ್ನು ಯಾರೂ ವಿಚಾರಿಸಲಿಲ್ಲ.

ಬುಧವಾರ ಹತ್ತಕ್ಕೆ ಡ್ರೋನಿನ ಬದಲು ಒಂದು ಬಿಳಿ ಕಾರು ಬಂತು. ಅದರಿಂದ ಎನ್ಯೊನಾಮ್ ಇಳಿದಳು. ಹಿಂದೆಯೇ ಸಣ್ಣ ಮೈಕಟ್ಟಿನ, ಟೈ ಸಡಿಲಿಸಿಕೊಂಡ ಒಬ್ಬ ಮನುಷ್ಯ. ನಸುಕಿಗೇ ಆಕ್ರಾ ಬಿಟ್ಟು ಬಂದಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಇವರೇ ಇಂಜಿನಿಯರ್ ಕ್ವಾರ್ಟೇ. ಅವರು ಯಾರನ್ನೂ ನೋಡದೆ ನೇರ ಕಟ್ಟಡದ ಹತ್ತಿರ ಹೋಗಿ, ಮೊದಲ ಕಂಬದ ಮೇಲೆ ಅಂಗೈ ಇಟ್ಟರು, ಜ್ವರವಿದೆಯೇ ಎಂದು ಮುಟ್ಟಿ ನೋಡುವ ತಾಯಿಯಂತೆ.

"ಮೇಸ್ತ್ರಿ ಯಾರು?"

ವೋಫಾ ಕೈ ತೊಳೆದುಕೊಂಡು ಎದ್ದರು. "ನಾನು ಸಾರ್. ನಿಮಾಕೊ."

"ನಿಮಾಕೊ ಅವರೇ, ಕಟ್ಟಡ ರಸ್ತೆ ಕಡೆಗೆ ಸರಿದಿದೆ. ಐದು ಮೀಟರು."

ಎಲೆಯ ಮುಂದೆ ಇದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ವೋಫಾ ಮೂವತ್ತೊಂದು ವರ್ಷ ಕಟ್ಟಡ ಕಟ್ಟಿದ ಮನುಷ್ಯ. ಅವರ ಗೋಡೆಗಳು ಬಿರುಕು ಬಿಟ್ಟವು ಎಂದು ಯಾರೂ ಹೇಳಿದವರಿಲ್ಲ. ಎದ್ದು ನಡೆದವು ಎಂದು ಮೊದಲ ಸಲ ಕೇಳುತ್ತಿದ್ದರು. ಚೀಲದಿಂದ ತೂಗುಗುಂಡು, ದಾರ, ಟೇಪು ತೆಗೆದರು. ತವಿಯಾ ಟೇಪಿನ ಒಂದು ತುದಿ ಹಿಡಿದ. ಚರಂಡಿಯಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ, ಮೂಲೆಯಿಂದ ಮೂಲೆಗೆ ಅಳೆದರು. ಕ್ವಾರ್ಟೇ ನಕ್ಷೆ ಹರಡಿಕೊಂಡು ಪ್ರತಿ ಅಳತೆಯನ್ನೂ ತಾಳೆ ನೋಡಿದರು.

"ಕೂದಲೆಳೆಯಷ್ಟೂ ಸರಿದಿಲ್ಲ ಸಾರ್," ಎಂದರು ವೋಫಾ ಕೊನೆಗೆ.

"ಟೇಪಿನ ಪ್ರಕಾರ ಸರಿದಿಲ್ಲ," ಎಂದರು ಕ್ವಾರ್ಟೇ. "ಚಿತ್ರದ ಪ್ರಕಾರ ಸರಿದಿದೆ. ನಾನು ಆಗಲೇ ನಿರ್ದೇಶಕರಿಗೆ ಹೇಳಿಬಿಟ್ಟಿದೀನಿ."

ನನಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಜನ ಗಾಬರಿಯಾದಾಗ ಒಂದೇ ಕಡೆ ನೋಡುತ್ತಾರೆ ಎಂಬುದು ಗೊತ್ತು. ಸೌಟು ಕೆಳಗಿಟ್ಟು ಹತ್ತಿರ ಹೋದೆ.

"ಸಾರ್, ಒಂದು ಮಾತು. ಆ ಚಿತ್ರದಲ್ಲಿ ಕಟ್ಟಡ ಒಂದೇ ಸರಿದಿದೆಯಾ? ಚರಂಡಿ?"

ಅವರು ಕಾಗದ ನೋಡಿದರು. "ಚರಂಡೀನೂ ಸರಿದಿದೆ."

"ರಸ್ತೆ?"

ಕಾಗದವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು. "ರಸ್ತೆನೂ."

"ಆಚೆ ಬದಿ ಟೈರ್ ಅಂಗಡಿ?"

"ಅದೂ."

ತವಿಯಾನಿಗೆ ತಡೆಯಲಾಗಲಿಲ್ಲ. "ಹಂಗಾದ್ರೆ ಇಡೀ ಎಜಿಸು ರಸ್ತೆನೇ ಎದ್ದು ನಡೆದಿದೆ ಸಾರ್. ಮಲಗಿದ್ವಿ, ನಮಗೇ ಗೊತ್ತಾಗ್ಲಿಲ್ಲ."

ಕ್ವಾರ್ಟೇ ಕಾಗದವನ್ನು ಬೆರಳಿನಿಂದ ಕುಟ್ಟಿದರು. "ಎಲ್ಲಾ ಸರಿದಿದೆ. ಇದ್ದಲ್ಲೇ ಇರೋದು ಒಂದೇ ಒಂದು. ನಾನು ತೆಗೀರಿ ಅಂತ ಬರೆದು ಕಳಿಸಿದೀನಲ್ಲ, ಆ ಕೊಡೆ. ಅದೊಂದು ಮಾತ್ರ ಒಂದಿಂಚೂ ಅಲುಗಿಲ್ಲ."

ಇಪ್ಪತ್ತೆರಡು ತಲೆಗಳು ನಿಧಾನವಾಗಿ ಹಿಂದಿನ ಗೋಡೆಯ ಕಡೆ ತಿರುಗಿದವು. ಅಲ್ಲಿ, ಏಳು ಹೆಜ್ಜೆ ಹಿಂದೆ, ನನ್ನ ಕೊಡೆ ಗಾಳಿಗೆ ಮೆಲ್ಲನೆ ಪಟಪಟ ಎನ್ನುತ್ತಿತ್ತು.

ನಾನು ಎನ್ಯೊನಾಮ್‌ಳ ಮುಖ ನೋಡಿದೆ. ಅವಳೂ ಕೊಡೆಯನ್ನೇ ನೋಡುತ್ತಿದ್ದಳು, ಬಾಗಿಲು ಹಾಕಿದ್ದೇನೆಂದುಕೊಂಡ ಮನೆ ತೆರೆದಿರುವುದನ್ನು ಕಂಡವಳಂತೆ. ಆಗ ನನಗೆ ಹೊಳೆಯಿತು. ಕೊಡೆ ಅಲ್ಲೇ ಇದೆ ತಾನೇ ಎಂಬುದು ಕುಶಲ ಪ್ರಶ್ನೆಯಾಗಿರಲಿಲ್ಲ.

ಈಗ ಕೊಡೆ ಸರಿಸಿದ್ದು ನಾನೇ ಎಂದರೆ ವೋಫಾ ಅವರ ಮಾನ ಉಳಿಯುತ್ತದೆ. ಆದರೆ ಕೊಡೆಯನ್ನು ನಂಬಿ ಚಿತ್ರ ಜೋಡಿಸಿದವಳ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಮೂವರೂ ಹೋಗುತ್ತೇವೆ. ಹಸಿದವನ ಮುಂದೆ ಇಂಥ ಲೆಕ್ಕ ಬಿಡಿಸಬಾರದು ಎಂದು ನನ್ನ ಅನುಭವ.

"ಸಾರ್," ಎಂದೆ, "ನಸುಕಿಗೆ ಹೊರಟಿದೀರಿ. ಊಟಕ್ಕೆ ಬನ್ನಿ."

ನಾನು ಹಾಗೆಂದದ್ದೇ ತಡ, ಎಲೆಯ ಮುಂದೆ ಕೂತಿದ್ದ ಎಲ್ಲರಿಗೂ ತಾವು ಇಷ್ಟು ಹೊತ್ತು ಅವರನ್ನು ಕರೆದೇ ಇಲ್ಲ ಎಂಬುದು ನೆನಪಾಗಿ ನಾಚಿಕೆಯಾಯಿತು. ಒಟ್ಟಿಗೆ ಬಲಗೈ ಎತ್ತಿದರು. "ಬನ್ನಿ ಸಾರ್, ಊಟ ಮಾಡೋಣ."

ಕ್ವಾರ್ಟೇ ನಿಂತಲ್ಲೇ ನಿಂತರು. ಎತ್ತಿದ ಕೈಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಆಕಾಶ ನೋಡಿದರು.

"ಚಿತ್ರದಲ್ಲಿ ಇದೇನಾ?" ಎಂದು ಎನ್ಯೊನಾಮ್‌ಳನ್ನು ಕೇಳಿದರು. "ಘೋಷಣೆ ಅಲ್ವಾ?"

"ಅಲ್ಲ ಸಾರ್. ಡ್ರೋನು ನೋಡ್ತಿತ್ತಲ್ಲ. ಅದಕ್ಕೇ ಕರೀತಿದ್ರು."

"ನಾನು ಆಕ್ರಾದಲ್ಲಿ ಕೂತು ಮೂರು ವಾರದಿಂದ ನೋಡ್ತಿದೀನಿ."

"ಮೂರು ವಾರದಿಂದ ನಿಮ್ಮನ್ನೂ ಕರೀತಿದೀವಿ ಸಾರ್," ಎಂದರು ವೋಫಾ, ಮುಖ ಗಂಭೀರವಾಗಿಟ್ಟುಕೊಂಡು. "ನೀವು ಒಂದು ಸಲಾನೂ ಉತ್ತರ ಕೊಡ್ಲಿಲ್ಲ."

ಕ್ವಾರ್ಟೇ ಸಾಹೇಬರನ್ನು ಮನೆಯಲ್ಲಿ ಸರಿಯಾಗಿಯೇ ಬೆಳೆಸಿದ್ದರು. ಅವರು ತಲೆ ತಗ್ಗಿಸಿ, "ನನ್ನ ಕೈ ಅದರಲ್ಲೇ ಇದೆ," ಎಂದರು.

ಹಾಗೆಂದು ಮುಂದೆ ಹೋಗುವುದು ಅವರ ಲೆಕ್ಕಾಚಾರವಾಗಿದ್ದೀತು. ನಾನು ಬಿಡಲಿಲ್ಲ. ಎರಡು ಮೊಟ್ಟೆ ಇಟ್ಟು, ಶಿಟೊ ಧಾರಾಳವಾಗಿ ಹಾಕಿ ಎಲೆಯನ್ನು ಆ ಕೈಗೇ ಕೊಟ್ಟೆ. ಅವರು ಕೊಡೆಯ ಕೆಳಗೆ ಕೂತರು. ನಾಲ್ಕು ತುತ್ತು ಹೊಟ್ಟೆಗೆ ಹೋಗಲೆಂದು ಕಾದೆ. ಆಮೇಲೆ ಶಿಟೊದ ಪಾತ್ರೆಯನ್ನು ಎತ್ತಿ, ಅದರ ಕೆಳಗಿದ್ದ ಹಲಗೆಯನ್ನು ಒರೆಸಿ ಅವರಿಗೆ ತೋರಿಸಿದೆ. ಎಣ್ಣೆಯ ಕಲೆಯ ನಡುವೆ ಕಪ್ಪು ಬಿಳಿ ಚೌಕಗಳು.

"ಇದು ಈ ಹುಡುಗಿ ಇಟ್ಟಿದ್ದ ಗುರುತು ಸಾರ್. ಪಾತ್ರೆ ಇಡೋಕೆ ಚೆನ್ನಾಗಿದೆ ಅಂತ ನಾನೇ ತಗೊಂಡೆ. ಕೊಡೆನೂ ನಾನೇ ಏಳು ಹೆಜ್ಜೆ ಹಿಂದಕ್ಕೆ ಸರಿಸ್ದೆ, ನಿಮ್ಮ ಅಪ್ಪಣೆ ಅಂತ. ಇವಳದೇನೂ ತಪ್ಪಿಲ್ಲ."

"ಇದೆ," ಎಂದಳು ಎನ್ಯೊನಾಮ್. "ಹಳೇ ಚಿತ್ರದ ಮೇಲೆ ಹೊಸದನ್ನ ಕೂರಿಸೋಕೆ ಅಲುಗದೇ ಇರೋ ಗುರುತು ಬೇಕು ಸಾರ್. ಮೂರು ಹಲಗೆನೂ ಹೋಯ್ತು. ಇದು ಎಲ್ಲಿದೆ ಅಂತ ನಂಗೆ ಗೊತ್ತಿತ್ತು. ಊಟದ ಪಾತ್ರೆ ಕೆಳಗಿಂದ ಎಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಇಡೀ ಸೈಟಲ್ಲಿ ದಿನಾ ಒಂದೇ ಕಡೆ ಇರೋದು ಈ ಕೊಡೆ ಒಂದೇ. ಅದನ್ನೇ ಗುರುತು ಮಾಡ್ಕೊಂಡೆ. ಸೋಮವಾರ ವಿಚಾರಿಸ್ಲಿಲ್ಲ. ಚಿತ್ರದಲ್ಲಿ ಕೊಡೆ ಕಂಡ್ತು, ಇನ್ನೂ ತೆಗೆದಿಲ್ಲ ಅಂದ್ಕೊಂಡು ಹಳೇ ಜಾಗಕ್ಕೇ ಕೂರಿಸ್ದೆ, ಮಿಕ್ಕಿದ್ದೆಲ್ಲ ರಸ್ತೆ ಕಡೆ ಜರುಗಿಬಿಡ್ತು."

"ಎರಡನೇ ಹಲಗೆ?" ಎಂದು ಕ್ವಾರ್ಟೇ ಕೇಳಿದರು.

ವೋಫಾ ಕೆಮ್ಮಿದರು. "ಮೆಟ್ಟಿಲಿನ ಸೆಂಟ್ರಿಂಗಿಗೆ ಒಂದು ತುಂಡು ಕಡಿಮೆ ಬಿದ್ದಿತ್ತು ಸಾರ್."

"ಮೂರನೇದು?"

"ಮರಳಿನ ರಾಶಿ ಕೆಳಗೆ ಭದ್ರವಾಗಿದೆ," ಎಂದ ತವಿಯಾ. "ಅದನ್ನ ಮಾತ್ರ ಯಾರೂ ಮುಟ್ಟಿಲ್ಲ."

ಆಗ ಸಾಹೇಬರ ಫೋನು ರಿಂಗಾಯಿತು. ಅವರು ಎಡಗೈಯಲ್ಲಿ ಅದನ್ನು ಎತ್ತಿ, ತುತ್ತು ನುಂಗಿ, ಎದ್ದು ನಿಂತರು. ಆಚೆಯಿಂದ ನಿರ್ದೇಶಕರ ದೊಡ್ಡ ದನಿ ಕೇಳಿಸುತ್ತಿತ್ತು.

"ಇಲ್ಲ ಸಾರ್, ಕಟ್ಟಡ ಸರಿದಿಲ್ಲ... ಹೌದು ಸಾರ್, ನಾನೇ ಅಳೆಸಿ ನೋಡ್ದೆ... ಕೊಡೆ ಸಾರ್. ಕೊಡೆ ಸರಿದಿತ್ತು... ಯಾರು ಸರಿಸಿದ್ದು ಅಂದ್ರೆ..." ಅವರು ನನ್ನನ್ನು ನೋಡಿದರು, ಎನ್ಯೊನಾಮ್‌ಳನ್ನು ನೋಡಿದರು, ಕೈಯಲ್ಲಿದ್ದ ಎಲೆಯನ್ನು ನೋಡಿದರು. "ನಾನೇ ಹೇಳಿ ಸರಿಸಿದ್ದು ಸಾರ್."

ಆ ಮಾತಿಗೆ ನಾನು ಅವರ ಎಲೆಗೆ ಇನ್ನೊಂದು ಮೊಟ್ಟೆ ಇಟ್ಟೆ. ತವಿಯಾ ಅದನ್ನು ಲೆಕ್ಕವಿಟ್ಟುಕೊಂಡ.

ಹೊರಡುವ ಮೊದಲು ಕ್ವಾರ್ಟೇ ಸಾಹೇಬರು ಹೊಸ ಅಪ್ಪಣೆ ಬರೆದು ವೋಫಾ ಅವರ ಕೈಗೆ ಕೊಟ್ಟರು. ಕೊಡೆಯನ್ನು ಮೊದಲಿದ್ದ ಜಾಗಕ್ಕೇ ತರಬೇಕು. ಚಕ್ರದ ಸುತ್ತ ಬಿಳಿ ಬಣ್ಣದ ಗೆರೆ ಎಳೆಯಬೇಕು. ಕೊನೆಯ ತಾರಸಿ ಮುಗಿಯುವವರೆಗೆ ಅದನ್ನು ಯಾರೂ ಯಾವ ಕಾರಣಕ್ಕೂ ಕದಲಿಸಕೂಡದು. ಎನ್ಯೊನಾಮ್ ಮತ್ತೆ ಮೂರು ಹಲಗೆ ಇಡಬೇಕು, ಈ ಸಲ ಕಾಂಕ್ರೀಟಿನಲ್ಲಿ ಹುಗಿದು. ಹಳೆಯ ಹಲಗೆ ನನ್ನ ಪಾತ್ರೆಯ ಕೆಳಗೇ ಇರಲಿ ಎಂದರು. ಅದಕ್ಕೆ ಅಂಟಿದ ಶಿಟೊ ವಾಸನೆ ಯಾವ ಕಚೇರಿಯಲ್ಲೂ ಇಟ್ಟುಕೊಳ್ಳುವಂಥದ್ದಲ್ಲ.

ಈಗ ಮೂರನೇ ಅಂತಸ್ತು ಮುಗಿದಿದೆ. ಡ್ರೋನು ಹತ್ತಕ್ಕೇ ಬರುತ್ತದೆ, ನಾವು ಕರೆಯುತ್ತೇವೆ. ಅದನ್ನು ಇಳಿಸಿದ ಮೇಲೆ ಎನ್ಯೊನಾಮ್ ನನ್ನ ಪಕ್ಕ ಕೂತು ಉಣ್ಣುತ್ತಾಳೆ. ಒಮ್ಮೊಮ್ಮೆ ಊಟದ ನಡುವೆ ಅವಳ ಫೋನಿಗೆ ಆಕ್ರಾದಿಂದ ಒಂದು ಸಾಲು ಬರುತ್ತದೆ. ಓದಿ ಎಲ್ಲರಿಗೂ ಹೇಳುತ್ತಾಳೆ: ಸಾಹೇಬರ ಕೈ ಅದರಲ್ಲೇ ಇದೆಯಂತೆ.

ತೊಂದರೆ ಇರುವುದು ಒಂದೇ. ಹನ್ನೊಂದರ ಮೇಲೆ ಬಿಸಿಲು ನೇರ ನನ್ನ ಎಡಗೆನ್ನೆಗೆ ಬೀಳುತ್ತದೆ. ಮೊದಲಾದರೆ ಕೊಡೆಯನ್ನು ಅತ್ತ ಒಂದು ಗೇಣು ವಾಲಿಸಿಕೊಳ್ಳುತ್ತಿದ್ದೆ. ಈಗ ಕೋಲಿಗೆ ಕೈ ಹಾಕಿದರೆ ಸಾಕು, ಮೇಲಿನಿಂದ ವೋಫಾ ಕೂಗುತ್ತಾರೆ:

"ಹಾಜಿಯಾ, ಕಟ್ಟಡ ಅಲ್ಲಾಡ್ತಿದೆ."